ಬೇವಿನ ಬೀಜದ ಕಷಾಯವನ್ನು ಒಲೆಗೆ ಇಡಬೇಡಿ

ಬೇವಿನ ಬೀಜ, ಕಿತ್ತಳೆ ಸಿಪ್ಪೆ ಕುದಿಸಿ ಸಿಂಪಡಿಸಿದಿರಿ, ದಾಸವಾಳ ಗಿಡಕ್ಕೆ ಅಂಟಿದ ಬಿಳಿ ಹಿಟ್ಟು ತಿಗಣೆಯೂ (ಮೀಲಿಬಗ್) ಸಾಯಲಿಲ್ಲ, ಜಿರಳೆಯೂ ಹೋಗಲಿಲ್ಲ, ಇನ್ನೂ ಗಟ್ಟಿಯಾಗಿ ಇಂಗಿಸಬೇಕೇ ಅಂತ ಕೇಳಿದ್ದೀರಿ. ಬೇಡ. ಮೊದಲು ಒಲೆ ಆರಿಸಿ. ಒಂದು ಇಡೀ ವರ್ಷ ಕೂಡಿಟ್ಟ ಬೀಜವನ್ನು ನಾನು ಕಳೆದುಕೊಂಡದ್ದೂ ಹೀಗೆಯೇ.

ತಪ್ಪು ಶುರುವಾಗುವುದು ಹೆಸರಿನಿಂದ. ಕೃಷಿ ಕರಪತ್ರಗಳಲ್ಲಿ ‘ಶೇ. 5ರ ಬೇವಿನ ಬೀಜದ ಕಷಾಯ’ ಅಂತ ಇರುತ್ತದೆ. ಶುಂಠಿ, ಮೆಣಸು ಕುದಿಸಿ ಕುಡಿದು ಬೆಳೆದ ನಮಗೆ ಕಷಾಯ ಅಂದರೆ ಕುದಿಸುವುದೇ. ಇದು ತಣ್ಣೀರಲ್ಲಿ ನೆನೆಸಿ ಹಿಂಡುವ ರಸ. ಬೇವಿನ ಬೀಜದಲ್ಲಿ ಹುಳದ ಮೇಲೆ ಕೆಲಸ ಮಾಡುವ ಅಜಾಡಿರಾಕ್ಟಿನ್ ಎಂಬ ಅಂಶ ಬಿಸಿಗೂ ಒಡೆಯುತ್ತದೆ, ಬಿಸಿಲಿಗೂ ಒಡೆಯುತ್ತದೆ. ನಾನು ಅರ್ಧಕ್ಕರ್ಧ ಇಂಗಿಸಿದ ನೀರು ಕಹಿಯಾಗಿಯೇ ಇತ್ತು. ಕಹಿ ಇದೆಯಲ್ಲ, ಔಷಧಿಯೂ ಇದೆ ಅಂದುಕೊಂಡು ಮಟಮಟ ಮಧ್ಯಾಹ್ನ ಸಿಂಪಡಿಸಿದೆ. ಒಲೆಯಿಂದ ತಪ್ಪಿಸಿಕೊಂಡು ಏನಾದರೂ ಉಳಿದಿದ್ದರೆ ಅದು ಬಿಸಿಲಿಗೆ ಹೋಯಿತು. ಕಿತ್ತಳೆ ಸಿಪ್ಪೆಯದೂ ಅದೇ ಕಥೆ. ಅದರ ಲಿಮೊನೀನ್ ಎಣ್ಣೆ ನೀರಲ್ಲಿ ಕರಗುವುದಿಲ್ಲ, ಕುದಿಸಿದರೆ ಹಬೆಯ ಜೊತೆ ಹಾರುತ್ತದೆ. ಅಡುಗೆಮನೆ ತುಂಬ ಘಮ ಬರುತ್ತಿದೆ ಅಂದರೆ ಔಷಧಿ ಪಾತ್ರೆ ಬಿಟ್ಟು ಹೋಗುತ್ತಿದೆ ಅಂತ ಅರ್ಥ.

ಸರಿಯಾದ ಕ್ರಮ ಹೀಗಿದೆ. ಮಳೆಗಾಲದ ಆರಂಭದಲ್ಲಿ ಮರದಡಿ ಬಿದ್ದ ಬೇವಿನ ಹಣ್ಣನ್ನು ಗುಡಿಸಿ ಕಸಕ್ಕೆ ಹಾಕುತ್ತಾರಲ್ಲ, ಅದನ್ನೇ ಆರಿಸಿ ತನ್ನಿ. ತಿರುಳು ಹಿಸುಕಿ, ತೊಳೆದು, ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೂಸ್ಟು ಹಿಡಿಯುತ್ತದೆ, ಬೂಸ್ಟು ಹಿಡಿದದ್ದನ್ನು ಬಳಸಬೇಡಿ. ಮೂರು ತಿಂಗಳಾದ ಮೇಲೆ ಸಿಪ್ಪೆ ಒಡೆದು 50 ಗ್ರಾಂ ಒಳಬೀಜ ತೆಗೆದು ತರಿತರಿಯಾಗಿ ಕುಟ್ಟಿ. ಬಟ್ಟೆಯಲ್ಲಿ ಗಂಟು ಕಟ್ಟಿ 1 ಲೀಟರ್ ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿ. ಮರುದಿನ ನೀರು ಹಾಲಿನ ಬಣ್ಣಕ್ಕೆ ತಿರುಗುವವರೆಗೆ ಗಂಟನ್ನು ಹಿಂಡಿ ಹಿಂಡಿ ಅದ್ದಿ, ಸೋಸಿ, 1ರಿಂದ 2 ಗ್ರಾಂ ಬಾರ್ ಸೋಪು ಕರಗಿಸಿ. ಹಿಟ್ಟು ತಿಗಣೆಯ ಮೈಮೇಲೆ ಮೇಣ ಇರುತ್ತದೆ, ಸೋಪಿಲ್ಲದ ನೀರು ಜಾರಿ ಬೀಳುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಸೋಪು ಒಡೆದು ಗಷ್ಟು ಕಟ್ಟುತ್ತದೆ, ಫಿಲ್ಟರ್ ನೀರು ಬಳಸಿ. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡಬಹುದು.

ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಿಳಿ ಗುಂಪುಗಳನ್ನು ಮೊದಲು ಉಜ್ಜಿ ತೆಗೆಯಿರಿ. ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೆ ಸಿಂಪಡಿಸಿ, ಅದೇ ದಿನ ಮುಗಿಸಿ. ಮರುದಿನ ಬೆಳಿಗ್ಗೆ ಹೋಗಿ ಸತ್ತಿವೆಯೇ ಅಂತ ಹುಡುಕಬೇಡಿ. ಇದು ಹುಳವನ್ನು ತಿನ್ನಗೊಡುವುದಿಲ್ಲ, ಮರಿ ಪೊರೆ ಕಳಚಿ ದೊಡ್ಡದಾಗದಂತೆ ತಡೆಯುತ್ತದೆ. ವಾರ ಬಿಟ್ಟು ಇನ್ನೊಮ್ಮೆ ಹೊಡೆಯಿರಿ. ಗಿಡ ಹತ್ತುವ ಇರುವೆಯನ್ನೂ ತಡೆಯಬೇಕು, ಸಿಹಿ ಅಂಟಿಗಾಗಿ ತಿಗಣೆಯನ್ನು ಕಾಯುವುದು ಅದೇ. ಇರುವೆ ಸಾಲಿನ ಮೇಲೆ ತಾಜಾ ಕಿತ್ತಳೆ ಸಿಪ್ಪೆಯ ಹೊರಮೈ ತಿಕ್ಕಿದರೆ ಸ್ವಲ್ಪ ಹೊತ್ತು ದಾರಿ ತಪ್ಪುತ್ತವೆ, ಅಷ್ಟೇ. ಬೆಕ್ಕಿರುವ ಮನೆಯಲ್ಲಿ ಅದೂ ಬೇಡ.

ಜಿರಳೆ ವಿಷಯದಲ್ಲಿ ನಿಮ್ಮ ಲೆಕ್ಕವೇ ಸರಿಯಿಲ್ಲ. ಗೋಡೆಗೆ ಸಿಂಪಡಿಸಿದ ಬೇವಿನ ನೀರು ಜಿರಳೆಯನ್ನು ಓಡಿಸುವುದಿಲ್ಲ. ರಾತ್ರಿ ಸಿಂಕ್ ಒಣಗಿಸಿ, ಪೈಪಿನ ಸಂದು ಮುಚ್ಚಿ, ಬೋರಿಕ್ ಆಸಿಡ್ ಬೆರೆಸಿದ ಹಿಟ್ಟಿನ ಉಂಡೆಯನ್ನು ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ಸಿಗದ ಮೂಲೆಯಲ್ಲಿ ಇಡಿ. ಹೊಗೆಸೊಪ್ಪಿನ ಕಡ್ಡಿ ನೆನೆಸಿದ ನೀರನ್ನಂತೂ ಮನೆಯೊಳಗೆ ತರಲೇಬೇಡಿ. ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಏರುತ್ತದೆ, ಗಿಡದಿಂದ ಬಂದದ್ದಾದರೂ ಅದು ವಿಷವೇ.

ಗಂಟಿನಲ್ಲಿ ಉಳಿದ ಚರಟವನ್ನು ದಾಸವಾಳದ ಕುಂಡದ ಮಣ್ಣಿಗೇ ಸೇರಿಸಿ.