ಕ್ಯಾಲ್ಗರಿಗೆ ಹೊಸದಾಗಿ ಬಂದ ತಮ್ಮನಿಗೆ: ಎಣ್ಣೆ, ಒಟ್ಟಾವಾ, ಹಾಕಿ

ತಮ್ಮಾ, ನಿನ್ನ ಪ್ರಶ್ನೆ ಓದಿ ನಗು ಬಂತು. ಬಂದು ಮೂರು ವಾರ ಆಯಿತು, ಆಫೀಸಲ್ಲಿ ಊಟಕ್ಕೆ ಕೂತರೆ ಎಣ್ಣೆ ರೇಟು, ಕೆನಡಾದ ರಾಜಧಾನಿ ಒಟ್ಟಾವಾದ ಕೇಂದ್ರ ಸರ್ಕಾರ, ಈ ಊರಿನ ಹಾಕಿ ಟೀಮ್ ಫ್ಲೇಮ್ಸ್ ಈ ಮೂರೇ ಮಾತು, ನಾನು ಯಾವ ಕಡೆ ಅಂತ ಹೇಳಲಿ ಅಣ್ಣ, ಇಲ್ಲೇ ಮನೆ ತಗೊಳ್ಳಲಾ ಇಲ್ಲ ಟೊರಾಂಟೊ ಕಡೆ ಹೋಗಲಾ ಅಂತ ಕೇಳಿದ್ದೀಯ. ಎಣ್ಣೆ ಅಂದರೆ ನಮ್ಮ ಕಡೆ ಸಂಜೆ ಹಾಕೋ ಎಣ್ಣೆ ಅಲ್ಲ, ನೆಲದಿಂದ ತೆಗೆಯೋ ಕಚ್ಚಾ ತೈಲ ಅಂತ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು.

ಮೊದಲು ಹಾಕಿ, ಅದು ಸುಲಭ. ನಾನು ಬಂದಿದ್ದು 2006ರ ಜನವರಿಯಲ್ಲಿ. ಹಾಕಿ ಅಂದರೆ ಹುಲ್ಲಿನ ಮೇಲೆ ಆಡೋದು ಅಂತಷ್ಟೇ ಗೊತ್ತಿದ್ದವನು, ಇಲ್ಲಿ ಆಡೋದು ಐಸ್ ಮೇಲೆ. ಆ ವರ್ಷ ಫ್ಲೇಮ್ಸ್ ಮೊದಲ ಸುತ್ತಿನಲ್ಲೇ ಮನೆಗೆ ಬಂತು, ಇದೇ ಆಲ್ಬರ್ಟಾ ಪ್ರಾಂತದ ಎಡ್ಮಂಟನ್‌ನ ಆಯಿಲರ್ಸ್ ಮಾತ್ರ ಫೈನಲ್‌ವರೆಗೆ ಹೋಯಿತು. ನಾನು ಜಾಣನ ಹಾಗೆ ಊಟದ ಮೇಜಲ್ಲಿ, ಆಲ್ಬರ್ಟಾ ಟೀಮ್ ಫೈನಲ್‌ಗೆ ಬಂದಿದೆ, ನಮ್ಮದೇ ಅಲ್ವಾ, ಗೆಲ್ಲಲಿ ಅಂದುಬಿಟ್ಟೆ. ಸುತ್ತ ಕೂತವರು ಅಗಿಯೋದು ನಿಲ್ಲಿಸಿ ನನ್ನ ಮುಖ ನೋಡಿದರು. ಚಿನ್ನಸ್ವಾಮಿ ಸ್ಟೇಡಿಯಂ ಒಳಗೆ ನಿಂತು, ಚೆನ್ನೈ ಗೆದ್ದರೂ ಸರಿ, ಅದೂ ಸೌತ್ ಟೀಮೇ ಅಲ್ವಾ ಅಂತ ಯಾರಾದರೂ ಅಂದರೆ ಏನಾಗುತ್ತೆ ಹೇಳು, ಹಾಗಾಯಿತು ನನ್ನ ಕಥೆ. ಎಡ್ಮಂಟನ್ ಇಲ್ಲಿಂದ 300 ಕಿಲೋಮೀಟರ್. ಪ್ರಾಂತ ಒಂದೇ. ಹಾಕಿ ವಿಷಯದಲ್ಲಿ ಬೇರೆ ಗ್ರಹ.

ಫ್ಲೇಮ್ಸ್ ಈ ಹಾಕಿ ಲೀಗಿನ ಸ್ಟ್ಯಾನ್ಲಿ ಕಪ್ ಗೆದ್ದಿದ್ದು ಒಂದೇ ಸಲ, 1989ರಲ್ಲಿ. 2004ರಲ್ಲಿ ಏಳನೇ ಪಂದ್ಯದವರೆಗೆ ಹೋಗಿ ಟ್ಯಾಂಪಾ ಎದುರು ಸೋತರು. ಆರನೇ ಪಂದ್ಯದಲ್ಲಿ ಪಕ್, ಅಂದರೆ ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ, ಗೆರೆ ದಾಟಿತ್ತು, ಗೋಲು ಕೊಡಲಿಲ್ಲ ಅಂತ ಇವತ್ತಿಗೂ ಟ್ಯಾಕ್ಸಿ ಡ್ರೈವರ್‌ನಿಂದ ಹಿಡಿದು ಹಲ್ಲಿನ ಡಾಕ್ಟರ್‌ವರೆಗೆ ಎಲ್ಲರೂ ವಾದ ಮಾಡುತ್ತಾರೆ. ನೀನು ಆರ್‌ಸಿಬಿ ಅಭಿಮಾನಿ ಅಲ್ವಾ, ಹಾಗಾದರೆ ನಿನಗೆ ಬೇರೆ ಟ್ರೈನಿಂಗ್ ಬೇಡ. ನಾವು 2025ರವರೆಗೆ 18 ಸೀಸನ್ ಕಾದ ಸಂಕಟವನ್ನೇ ಇವರು 1989ರಿಂದ ಹೊತ್ತುಕೊಂಡು ಓಡಾಡುತ್ತಿದ್ದಾರೆ. ಅದನ್ನೇ ಅವರಿಗೆ ಹೇಳು, ಐದು ನಿಮಿಷದಲ್ಲಿ ಸ್ನೇಹಿತರಾಗುತ್ತಾರೆ.

ಇನ್ನು ರಾಜಕೀಯ. ನಿನಗೆ ಸದ್ಯಕ್ಕೆ ಓಟಿಲ್ಲ, ಸಿಟಿಜನ್ ಆದಮೇಲೆ ನೋಡೋಣ. ಆದರೂ ಅರ್ಥ ಮಾಡಿಕೊಂಡಿರು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ದೆಹಲಿಗೆ ಹೋಗಿ ತೆರಿಗೆ ಪಾಲಿನ ವಿಷಯಕ್ಕೆ ಧರಣಿ ಕೂತಿತ್ತಲ್ಲ, ನಮ್ಮ ತೆರಿಗೆ ನಮಗೆ ಕೊಡಿ ಅಂತ? ಆಲ್ಬರ್ಟಾದ ಒಟ್ಟಾವಾ ಸಿಟ್ಟು ಅದೇ. ದುಡಿಯೋದು ನಾವು, ದುಡ್ಡು ಹೋಗೋದು ಕ್ವಿಬೆಕ್‌ಗೆ ಅನ್ನುತ್ತಾರೆ. ನಿಜ ಹೇಳಬೇಕು ಅಂದರೆ ಇಲ್ಲಿನ ಸರ್ಕಾರ ಯಾರಿಗೂ ಚೆಕ್ ಬರೆದು ಕೊಡಲ್ಲ, ನಾವೆಲ್ಲ ಕಟ್ಟುವ ಫೆಡರಲ್ ತೆರಿಗೆಯಿಂದಲೇ ಒಟ್ಟಾವಾ ಬಡ ಪ್ರಾಂತಗಳಿಗೆ ಹಂಚುತ್ತೆ. ಇಲ್ಲಿ ಸಂಬಳ ಜಾಸ್ತಿ, ಹಾಗಾಗಿ ತೆರಿಗೆಯೂ ಜಾಸ್ತಿ. ಅದು ಗೊತ್ತಿದ್ದರೂ ಸಿಟ್ಟು ಹೋಗಲ್ಲ. 2021ರಲ್ಲಿ ಈ ಹಂಚಿಕೆಯನ್ನು ಸಂವಿಧಾನದಿಂದಲೇ ತೆಗೀಬೇಕಾ ಅಂತ ಜನಮತ ಕೇಳಿದಾಗ ನೂರಕ್ಕೆ 60ಕ್ಕಿಂತ ಜಾಸ್ತಿ ಜನ ಹೌದು ಅಂದರು. ಬೇರೆ ದೇಶವೇ ಆಗೋಣ ಅನ್ನೋರೂ ಇದ್ದಾರೆ, ಅವರ ಜೊತೆ ವಾದಕ್ಕೆ ಇಳೀಬೇಡ.

ಹಾಗಂತ ಎಲ್ಲರೂ ಒಂದೇ ಪಕ್ಷ ಅಂದುಕೊಳ್ಳಬೇಡ. 44 ವರ್ಷ ನೀಲಿ ಬಣ್ಣದ ಕನ್ಸರ್ವೇಟಿವ್ ಪಕ್ಷ ಒಂದೇ ಆಳಿತ್ತು, 2015ರಲ್ಲಿ ಕಿತ್ತಳೆ ಬಣ್ಣದ ಎಡಪಂಥೀಯ ಪಕ್ಷ ಎನ್‌ಡಿಪಿ ಬಂತು, 2019ರಲ್ಲಿ ಮತ್ತೆ ನೀಲಿ. 2023ರಲ್ಲಿ ಎಡ್ಮಂಟನ್ ಪೂರ್ತಿ ಕಿತ್ತಳೆ, ಹಳ್ಳಿ ಕಡೆ ಬಹುಪಾಲು ನೀಲಿ, ಕ್ಯಾಲ್ಗರಿ ಹೆಚ್ಚು ಕಡಿಮೆ ಅರ್ಧ ಅರ್ಧ. ಕೌಬಾಯ್ ಟೋಪಿಯ ಊರು ಅಂತ ಹೊರಗಿನವರು ಆಡಿಕೊಳ್ಳುವ ಇದೇ ಕ್ಯಾಲ್ಗರಿ 2010ರಲ್ಲಿ ನಹೀದ್ ನೆನ್ಶಿಯನ್ನು ಮೇಯರ್ ಮಾಡಿತು, ಅಪ್ಪ ಅಮ್ಮ ಟಾಂಜಾನಿಯಾದಿಂದ ಬಂದವರು, ಗುಜರಾತಿ ಮೂಲದ ಮುಸ್ಲಿಂ ಮನೆಯ ಹುಡುಗ. ಆ ರಾತ್ರಿ ಟೀವಿ ಮುಂದೆ ಕೂತು ನಾನು ಸುಮ್ನೆ ಖುಷಿ ಪಟ್ಟಿದ್ದೆ. ಅವರು ಯಾರೋ, ನಾನು ಯಾರೋ!

ಈಗ ಎಣ್ಣೆಗೆ ಬರುತ್ತೇನೆ. ಇದನ್ನು ಸರಿಯಾಗಿ ಓದು.

ನಾನು ಮಂಡ್ಯ ಕಡೆಯವನು. ನಮ್ಮಪ್ಪ ಬೆಳಗ್ಗೆ ಪೇಪರ್ ಬಿಡಿಸಿದರೆ ಮೊದಲು ನೋಡುತ್ತಿದ್ದದ್ದು ಕೆಆರ್‌ಎಸ್ ಮಟ್ಟ. 124.80 ಅಡಿ ತುಂಬಿದರೆ ಮನೆಯಲ್ಲಿ ಒಂಥರಾ ಮಾತು, 80ಕ್ಕೆ ಇಳಿದರೆ ಮಾತೇ ಇಲ್ಲ. ಇಲ್ಲಿ ಜನ ಫೋನಲ್ಲಿ ಬ್ಯಾರೆಲ್ ರೇಟು ನೋಡೋದು ಅದೇ ಕಣ್ಣಲ್ಲಿ. 2014ರ ಬೇಸಿಗೆಯಲ್ಲಿ 100 ಡಾಲರ್ ಮೇಲಿತ್ತು. 2016ರ ಶುರುವಿಗೆ 30ರ ಕೆಳಗೆ. ಡೌನ್‌ಟೌನ್‌ನಲ್ಲಿ ಮಹಡಿಗೆ ಮಹಡಿಯೇ ಖಾಲಿ, ಊರಿನ ನಿರುದ್ಯೋಗ ನೂರಕ್ಕೆ 10 ದಾಟಿತ್ತು.

ನನ್ನ ಕೆಲಸ ಎಣ್ಣೆಯದಲ್ಲ, ಬ್ಯಾಂಕಿನ ಸಾಫ್ಟ್‌ವೇರ್. ಹಾಗಾಗಿ ನನಗೆ ಬಿಸಿ ತಟ್ಟಲಿಲ್ಲ. ಪಕ್ಕದ ಮನೆಯಾತ ಡ್ರಿಲ್ಲಿಂಗ್ ಕಂಪನಿಯಲ್ಲಿದ್ದ. ನಾವು ಆ ಬೀದಿಗೆ ಬಂದ ಮೊದಲ ಚಳಿಗಾಲ, ಮೈನಸ್ 28, ಕಾರು ಸ್ಟಾರ್ಟ್ ಆಗಲ್ಲ, ನಾನು ಮಂಕಿ ಕ್ಯಾಪ್ ಹಾಕಿಕೊಂಡು ಬಾನೆಟ್ ತೆಗೆದು ಸುಮ್ಮನೆ ನೋಡುತ್ತಾ ನಿಂತಿದ್ದೆ. ಆತ ಪೈಜಾಮದ ಮೇಲೇ ಕೋಟು ಎಳೆದುಕೊಂಡು ಬಂದು, ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ವೈರು ಎಲ್ಲಿದೆ ಅಂತ ತೋರಿಸಿ, ಅದಕ್ಕೆ ಸಿಕ್ಕಿಸಲು ತನ್ನದೇ ಉದ್ದನೆಯ ಎಕ್ಸ್‌ಟೆನ್ಷನ್ ಕೇಬಲ್ ಕೊಟ್ಟ. ಹಿಮ ಬಿದ್ದ ದಿನ ತನ್ನ ಮುಂದಿನ ಫುಟ್‌ಪಾತ್ ತೆಗೆದು, ಹಾಗೇ ನಮ್ಮ ಕಡೆಯದನ್ನೂ ತೆಗೆದುಬಿಡುತ್ತಿದ್ದ. ಕೇಳಿದರೆ, ಸಲಿಕೆ ಕೈಯಲ್ಲೇ ಇತ್ತಲ್ಲ ಅನ್ನುತ್ತಿದ್ದ.

ಇಲ್ಲಿ ಒಂದು ಹಳೇ ಜೋಕಿದೆ, ಕಾರಿನ ಹಿಂದೆ ಅಂಟಿಸಿಕೊಳ್ಳುತ್ತಿದ್ದರಂತೆ: ದೇವರೇ, ಇನ್ನೊಂದು ಸಲ ಎಣ್ಣೆ ಬೂಮ್ ಕೊಡು, ಈ ಸಲ ಪೋಲು ಮಾಡಲ್ಲ ಅಂತ. 2015ರ ಆಗಸ್ಟ್, ಆತ ಹಿತ್ತಲಲ್ಲಿ ಬಾರ್ಬೆಕ್ಯೂ ಜಾಲರಿ ಉಜ್ಜುತ್ತಿದ್ದ. ನಾನು ಬೇಲಿ ಮೇಲಿಂದ ಆ ಜೋಕ್ ಬಿಟ್ಟೆ. ಅಷ್ಟಕ್ಕೇ ನಿಲ್ಲಿಸಲಿಲ್ಲ, ನಾರ್ವೆಯವರು ಎಷ್ಟು ಕೂಡಿಟ್ಟಿದ್ದಾರೆ, ನೀವು 1976ರಲ್ಲೇ ಎಣ್ಣೆ ದುಡ್ಡು ಕೂಡಿಡೋಕೆ ಹೆರಿಟೇಜ್ ಫಂಡ್ ಶುರು ಮಾಡಿಯೂ ಏನು ಉಳಿಸಿದಿರಿ ಅಂತ ಓದಿದ್ದನ್ನೆಲ್ಲ ಒಪ್ಪಿಸಿದೆ. ನೀವು ಅಂದೆ ನೋಡು. ಆತ ಸ್ವಲ್ಪ ನಕ್ಕ, ಮುಚ್ಚಳ ಮುಚ್ಚಿದ, ಒಳಗೆ ಹೋದ. ಕೆಲಸ ಹೋಗಿ ಎರಡು ವಾರ ಆಗಿತ್ತು ಅಂತ ಆಮೇಲೆ ಆತನ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದು.

ಅಂಕಿ ಅಂಶ ನಾನು ಹೇಳಿದ್ದು ತಪ್ಪಲ್ಲ, ಬೇಕಾದರೆ ನೋಡಿಕೋ. ಆದರೆ ಬರ ಬಿದ್ದ ವರ್ಷ ಬೆಂಗಳೂರಿನಿಂದ ಬಂದ ನೆಂಟರೊಬ್ಬರು ನಮ್ಮ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಾ, ನೀರಿಲ್ಲ ಅಂತ ಗೊತ್ತಿದ್ದೂ ಯಾಕೆ ಕಬ್ಬು ಹಾಕ್ತೀರಿ, ರಾಗಿ ಹಾಕಬಾರದಾ ಅಂದಿದ್ದರು. ಅಪ್ಪ ಮಾತಾಡಲಿಲ್ಲ, ಎದ್ದು ಕೊಟ್ಟಿಗೆಗೆ ಹೋದರು. ಅವತ್ತು ನನಗೆ ಆ ನೆಂಟರ ಮೇಲೆ ಬಂದ ಸಿಟ್ಟು ಇನ್ನೂ ನೆನಪಿದೆ. ಅದೇ ಮಾತನ್ನು ಬೇಲಿ ಮೇಲೆ ಕೈ ಇಟ್ಟುಕೊಂಡು ನಾನೂ ಆಡಿದೆ.

ಮಾರನೇ ದಿನವೇ ಹೋಗಿ ಬಾಗಿಲು ತಟ್ಟಬೇಕಿತ್ತು. ನಾಚಿಕೆ ಆಗಿ ಹೋಗಲಿಲ್ಲ, ಶನಿವಾರ ನೋಡೋಣ ಅಂದೆ, ಶನಿವಾರಗಳು ಹೋದವು. ಆ ಚಳಿಗಾಲ ಹಿಮ ಬಿದ್ದಾಗ ಆತ ತನ್ನ ಮುಂದೆ ಮಾತ್ರ ತೆಗೆದ. ಎರಡು ಮನೆ ಸೇರುವ ಕಡೆ ಸಲಿಕೆ ನಿಂತಿದ್ದ ಗೆರೆ ದಾರ ಹಿಡಿದ ಹಾಗೆ ನೇರವಾಗಿತ್ತು. ಮುಂದಿನ ವಸಂತಕ್ಕೆ ಮನೆ ಮಾರಿ ಸಸ್ಕ್ಯಾಚೆವಾನ್ ಕಡೆ ಹೋದರು. ಕೇಬಲ್ ವಾಪಸ್ ಕೊಡಲಿಲ್ಲ ನಾನು. ಗ್ಯಾರೇಜಲ್ಲಿ ಮೊಳೆಗೆ ನೇತಾಡುತ್ತಿದೆ.

ಉಳಿದದ್ದು ಬೇಗ ಹೇಳುತ್ತೇನೆ. ಮನೆ: ಟೊರಾಂಟೊಗಿಂತ ಅಗ್ಗ ಹೌದು, ಪ್ರಾಂತದ ಮಾರಾಟ ತೆರಿಗೆಯೂ ಇಲ್ಲ, ಬಿಲ್ ಮೇಲೆ 5 ಪರ್ಸೆಂಟ್ ಜಿಎಸ್‌ಟಿ ಅಷ್ಟೇ. ಆದರೂ ಒಂದು ಚಳಿಗಾಲ ಬಾಡಿಗೆಗೆ ಇರು, ಎಣ್ಣೆ ಕಂಪನಿ ಸಂಬಳ ನಂಬಿ 25 ವರ್ಷದ ಲೆಕ್ಕ ಹಾಕಬೇಡ. ಕ್ರಿಕೆಟ್ ಕೇಳಿದ್ದೆ, ರೈಲಿ ಪಾರ್ಕಲ್ಲಿ ಆಡುತ್ತಾರೆ, ಬೇಸಿಗೆ ಬರಲಿ. ಕಾರಿಗೆ ಚಳಿ ಟೈರ್ ಹಾಕಿಸು, ಅದರಲ್ಲಿ ಜಿಪುಣತನ ಬೇಡ. ಹಿಮ ನಿಂತ 24 ಗಂಟೆಯಲ್ಲಿ ಮುಂದಿನ ಫುಟ್‌ಪಾತ್ ತೆಗೆಯಬೇಕು ಅಂತ ಇಲ್ಲಿ ನಿಯಮ, ಯಾರು ತೆಗೆಯೋದು ಅಂತ ಈಗಲೇ ಓನರ್ ಹತ್ತಿರ ಮಾತಾಡಿಕೋ.

ಎಡ್ಮಂಟನ್ ಜೊತೆ ಮ್ಯಾಚ್ ಇರೋ ದಿನ ಫೋನ್ ಮಾಡುತ್ತೇನೆ, ಮನೆಗೆ ಬಾ. ನಿಮ್ಮತ್ತಿಗೆ ಮುದ್ದೆ, ಉಪ್ಸಾರು ಮಾಡುತ್ತಾಳೆ. ಆಯಿಲರ್ಸ್ ಬಣ್ಣದ ಕಿತ್ತಳೆ ಷರಟು ಮಾತ್ರ ಹಾಕಿಕೊಂಡು ಬರಬೇಡ ಮಾರಾಯ, ಈಗಿನ ಪಕ್ಕದ ಮನೆಯವರೂ ಬರುತ್ತಾರೆ.