ವಿಜಯಪುರದ ಕರಿಕಲ್ಲಿನಲ್ಲಿ ಹೊಗೆಯ ಇಂಗಾಲವನ್ನು ಹೂತಿಡಬಹುದಾ?

ಐಸ್‌ಲ್ಯಾಂಡಿನಲ್ಲಿ ಕಾರ್ಬನ್ ಡೈಆಕ್ಸೈಡನ್ನು ನೆಲದಡಿ ಕಲ್ಲಾಗಿಸುತ್ತಾರಂತೆ, ನಮ್ಮ ವಿಜಯಪುರದ ಕರಿಕಲ್ಲಿನಲ್ಲೂ ಅದು ಆಗುತ್ತದಾ, ಕೂಡಗಿ ವಿದ್ಯುತ್ ಸ್ಥಾವರದ ಹೊಗೆಗೆ ಅದೇ ದಾರಿಯಾ ಅಂತ ಕೇಳಿದ್ದೀರಿ.

ನಾನು ಭೂವಿಜ್ಞಾನ ಓದಿದವನು, ಆ ಕಲ್ಲಿನ ಮೇಲೆ ಸಾಕಷ್ಟು ಅಲೆದಿದ್ದೇನೆ. ಕಲ್ಲಿಗೆ ಆ ಶಕ್ತಿ ಇದೆ. ನನ್ನ ಚಿಂತೆ ಇರುವುದು ನೀರಿನದು.

ಗೋಲಗುಮ್ಮಟ ಕಟ್ಟಿರುವ ಆ ಕಪ್ಪು ಕಲ್ಲೇ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ್ದು. ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಅದರ ದಕ್ಷಿಣದ ಅಂಚು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಇದೆ. ಈ ಕಲ್ಲಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಜಾಸ್ತಿ. ಕಾರ್ಬನ್ ಡೈಆಕ್ಸೈಡ್ ಕರಗಿದ ನೀರು ಅಂದರೆ ಸೋಡಾ ನೀರೇ. ಆ ಹುಳಿ ನೀರು ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಹೊರಬಂದ ಕ್ಯಾಲ್ಸಿಯಂ ಜೊತೆ ಅನಿಲ ಸೇರಿ ಸುಣ್ಣದ ಹರಳಾಗುತ್ತದೆ.

ಇದನ್ನು ನೀವೇ ನೋಡಬಹುದು. ಒಡೆದ ಕರಿಕಲ್ಲಿನ ತೂತುಗಳಲ್ಲಿ ಬಿಳಿ ಹರಳು ತುಂಬಿರುತ್ತದಲ್ವಾ? ಅದರ ಮೇಲೆ ಒಂದು ಹನಿ ತೆಳು ಆಸಿಡ್ ಬಿಡಿ. ಕೆಲವು ಸುಮ್ನೆ ಇರುತ್ತವೆ, ಅವು ಹೆಚ್ಚಾಗಿ ಜಿಯೊಲೈಟ್ ಎನ್ನುವ ಬೇರೆ ಖನಿಜ. ನೊರೆ ಬಂದರೆ ಅದು ಕ್ಯಾಲ್ಸೈಟ್, ಅಂದರೆ ಆ ಸುಣ್ಣದ ಹರಳು. ಆ ನೊರೆಯಲ್ಲಿರುವುದು ಯಾವತ್ತೋ ಕಲ್ಲಿನೊಳಗೆ ಸೆರೆಯಾದ ಕಾರ್ಬನ್ ಡೈಆಕ್ಸೈಡ್. ನಾನು ಮೊದಲ ಸಲ ಇದನ್ನು ನೋಡಿದ ದಿನ ಆ ಕಲ್ಲನ್ನು ಮನೆಗೆ ತಂದು ಇಟ್ಟುಕೊಂಡೆ.

ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ತಂಡ ಇದನ್ನೇ ಬೇಗ ಮಾಡಿಸಿತು. 2012ರಲ್ಲಿ ಹೆಲ್ಲಿಶೇಯ್ಡಿ ಭೂಶಾಖ ಸ್ಥಾವರದ ಹತ್ತಿರ ಸುಮಾರು 230 ಟನ್ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿದರು. ನೂರಾರು ವರ್ಷ ಬೇಕಾದೀತು ಅಂದುಕೊಂಡಿದ್ದ ಕೆಲಸ. ಎರಡು ವರ್ಷದೊಳಗೆ ಶೇ. 95ಕ್ಕೂ ಹೆಚ್ಚು ಕಲ್ಲಾಗಿತ್ತು.

ಈಗ ಕೂಡಗಿಯ ಲೆಕ್ಕ ನೋಡೋಣ. ಅದು 2400 ಮೆಗಾವಾಟ್ ಸ್ಥಾವರ. ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಹತ್ತಿರ ಹತ್ತಿರ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಪೂರ್ತಿ ಓಡಿದರೆ ಗಂಟೆಗೆ 2000 ಟನ್ನಿಗೂ ಜಾಸ್ತಿ. ಅಂದರೆ ಐಸ್‌ಲ್ಯಾಂಡಿನ ಆ ಇಡೀ ಪ್ರಯೋಗ ಕೂಡಗಿಯ ಆರೇಳು ನಿಮಿಷದ ಹೊಗೆಗೆ ಸಮ. ಆ ವಿಧಾನದಲ್ಲಿ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ಹಾಗಾದರೆ ಗಂಟೆಗೆ 5 ಕೋಟಿ ಲೀಟರ್. ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯುವ ಜಿಲ್ಲೆಯಲ್ಲಿ ಇದನ್ನು ಕೇಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ.

ನೀರಿಲ್ಲದೆಯೂ ಮಾಡಬಹುದು. ಅಮೆರಿಕದ ವಾಲುಲಾದಲ್ಲಿ 2013ರಲ್ಲಿ ಸುಮಾರು 1000 ಟನ್ನನ್ನು ಒತ್ತಡ ಹಾಕಿ ದ್ರವದಂತೆ ಮಾಡಿ ನೇರ ಬಸಾಲ್ಟಿಗೆ ತುಂಬಿದರು. ಆದರೆ ಅದು ಹಾಗೇ ನಿಲ್ಲಬೇಕಾದರೆ ಸುಮಾರು 800 ಮೀಟರ್ ಆಳ ಬೇಕು. ಮೇಲೆ ಬಿರುಕಿಲ್ಲದ ಪದರವೂ ಬೇಕು. ನಮ್ಮ ಬಸಾಲ್ಟ್ ಪಶ್ಚಿಮ ಘಟ್ಟದ ಕಡೆ ಒಂದು ಕಿಲೋಮೀಟರಿಗೂ ಹೆಚ್ಚು ದಪ್ಪ ಇದೆ, ಕರ್ನಾಟಕದ ಅಂಚಿಗೆ ಬರುತ್ತಾ ತೆಳುವಾಗುತ್ತದೆ. ದಪ್ಪ ಇರುವ ಕಡೆಯೇ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟು ಇದೆ. 1967ರ ಡಿಸೆಂಬರ್‌ನಲ್ಲಿ ಅಲ್ಲಿ ದೊಡ್ಡ ಭೂಕಂಪ ಆಯಿತು. ಅಣೆಕಟ್ಟಿನ ನೀರೇ ಅದಕ್ಕೆ ಪ್ರಚೋದನೆ ಎನ್ನುವುದು ಬಹುತೇಕ ಭೂವಿಜ್ಞಾನಿಗಳ ಅಭಿಪ್ರಾಯ. ಅಂಥ ನೆಲಕ್ಕೆ ಒತ್ತಡ ಹಾಕಿ ಏನನ್ನಾದರೂ ತುಂಬುವ ಮೊದಲು ತುಂಬಾ ವರ್ಷ ಅಳೆದು ನೋಡಬೇಕು.

ಹಾಗಾಗಿ ಕೂಡಗಿಗೆ ಇದೇ ಪರಿಹಾರ ಅಂತ ನಾನು ಹೇಳಲಾರೆ. ಕಲ್ಲಿದ್ದಲು ಸುಡುವುದನ್ನು ಕಡಿಮೆ ಮಾಡುವುದು ಮೊದಲು. ಸಿಮೆಂಟಿನಂಥ, ಹೊಗೆ ತಪ್ಪಿಸಲಾಗದ ಕಾರ್ಖಾನೆಗಳಿಗೆ ಈ ಕಲ್ಲನ್ನು ಉಳಿಸಿಕೊಳ್ಳೋಣ.

ನೀವು ವಿದ್ಯಾರ್ಥಿಯಾಗಿದ್ದರೆ ಒಂದು ಕೆಲಸ ಕೈಗೆತ್ತಿಕೊಳ್ಳಿ. ಡೋಣಿ ನದಿಯ ಸುತ್ತ ಕುಡಿಯಲಾಗದ ಸವಳು ನೀರಿದೆ. ಅದರಲ್ಲಿ ಅನಿಲ ಕರಗಿಸಿ, ನಮ್ಮ ಬಸಾಲ್ಟ್ ಪುಡಿಯ ಜೊತೆ ಇಟ್ಟು, ಎಷ್ಟು ದಿನಕ್ಕೆ ಎಷ್ಟು ಹರಳು ಕಟ್ಟುತ್ತದೆ ಅಂತ ಅಳೆಯಿರಿ. ಆ ಅಂಕಿ ಸಿಕ್ಕರೆ ನನಗೂ ಬರೆದು ತಿಳಿಸಿ.