ಎಲ್ಲಾ ಟೆಸ್ಟ್ ನಾರ್ಮಲ್ ಬಂದರೂ ಹೊಟ್ಟೆ ನೋವು ಹೋಗುತ್ತಿಲ್ಲ. ಇದು ಬರೀ ಟೆನ್ಷನ್ನಾ?

ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಕೊಲೊನೋಸ್ಕೋಪಿ ಎಲ್ಲ ಸರಿಯಿದೆ, ಡಾಕ್ಟರು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಟೆಸ್ಟ್‌ನಲ್ಲಿ ಏನೂ ಕಾಣದಿದ್ದರೂ ಹೊಟ್ಟೆ ನೋವು, ಮಲದ ಏರುಪೇರು ಇರುವ ಕಾಯಿಲೆ) ಅಂದಿದ್ದಾರೆ, ಮನೆಯವರು "ಟೆನ್ಷನ್ ಬಿಡು, ಸರಿ ಹೋಗುತ್ತೆ" ಅನ್ನುತ್ತಾರೆ ಅಂತ ಬರೆದಿದ್ದೀರಿ. ಕೊನೆಗೆ "ನನ್ನ ನೋವು ನಿಜವಾ?" ಅಂತಲೂ ಕೇಳಿದ್ದೀರಿ. ನಿಜ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಡಾಕ್ಟರ್ ಅಲ್ಲ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಫಿಸಿಯಾಲಜಿ ಪಾಠ ಮಾಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಮದುವೆ ಊಟ ಮಾಡಿ ಬಂದು ನಾಲ್ಕು ದಿನ ಭೇದಿಯಾಗಿ ಮಲಗಿದ್ದೆ. ಭೇದಿ ನಿಂತಿತು, ನೋವು ನಿಲ್ಲಲಿಲ್ಲ. ಒಬ್ಬ ವೈದ್ಯರು ರಿಪೋರ್ಟ್‌ಗಳನ್ನು ತಿರುವಿ ಹಾಕಿ "ನಿಮಗೆ ಏನೂ ಆಗಿಲ್ಲ" ಅಂದರು. ಆ ಮಾತು ನೋವಿಗಿಂತ ಜಾಸ್ತಿ ದಿನ ಕಾಡಿತು. ಆಗಿನಿಂದ ಕರುಳಿನ ನರಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ಕರುಳಿಗೆ ತನ್ನದೇ ನರಜಾಲ ಇದೆ ಅಂತ ನೀವೂ ಕೇಳಿರುತ್ತೀರಿ. ಅನ್ನನಾಳದಿಂದ ಗುದನಾಳದವರೆಗೆ ಗೋಡೆಯ ಪದರಗಳ ನಡುವೆ ಹತ್ತಾರು ಕೋಟಿ ನರಕೋಶಗಳು ಬಲೆಯ ಹಾಗೆ ಹಬ್ಬಿವೆ. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ ನೋಡಿದರು. ಆದರೂ ಕರುಳು ತನ್ನ ಪಾಡಿಗೆ ತಾನು ಆಹಾರವನ್ನು ಮುಂದೆ ತಳ್ಳುತ್ತಿತ್ತು. ಇದನ್ನೇ ಈಗ "ಎರಡನೇ ಮೆದುಳು" ಅನ್ನುತ್ತಾರೆ.

ಇಲ್ಲಿ ಒಂದು ಗೊಂದಲ ಇದೆ. ನನ್ನ ವಿದ್ಯಾರ್ಥಿಗಳಿಗೂ ಪ್ರತಿ ವರ್ಷ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಈ ಒಳಗಿನ ಜಾಲ ಕರುಳನ್ನು ನಡೆಸುತ್ತದೆ. ನೋವಿನ ಸುದ್ದಿಯನ್ನು ಮೆದುಳಿಗೆ ಒಯ್ಯುವುದು ಬೇರೆ ನರಗಳು. ಅವುಗಳ ಕೋಶ ಇರುವುದು ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಒಂದು ಉದ್ದನೆಯ ಎಳೆ ಕರುಳಿನ ಗೋಡೆಗೆ ಬಂದಿರುತ್ತದೆ, ಇನ್ನೊಂದು ತುದಿ ಬೆನ್ನುಹುರಿಯ ಒಳಗೆ ಹೋಗಿರುತ್ತದೆ. ವೇಗಸ್ ಅನ್ನುವ ಇನ್ನೊಂದು ನರವೂ ಇದೆ. ಹೊಟ್ಟೆ ತುಂಬಿದ್ದು, ವಾಕರಿಕೆ ಬಂದದ್ದು ಗೊತ್ತಾಗುವುದು ಹೆಚ್ಚಾಗಿ ಅದರಿಂದ.

ಈ ನೋವಿನ ಎಳೆಗಳು ಚರ್ಮದಲ್ಲಿ ಇರುವಷ್ಟು ದಟ್ಟವಾಗಿಲ್ಲ. ಒಂದೊಂದು ಎಳೆ ಎಷ್ಟೋ ಜಾಗ ನೋಡಿಕೊಳ್ಳುತ್ತದೆ. "ಎಲ್ಲಿ ನೋವು, ಬೆರಳಿಟ್ಟು ತೋರಿಸಿ" ಅಂದರೆ ನಾವು ಇಡೀ ಅಂಗೈಯನ್ನು ಹೊಟ್ಟೆಯ ಮೇಲೆ ಆಡಿಸುವುದು ಅದಕ್ಕೇ. ಅಪೆಂಡಿಕ್ಸ್ ನೋವು ಮೊದಲು ಹೊಕ್ಕಳ ಸುತ್ತ ಶುರುವಾಗಿ, ಊತ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆ ಬಲಗಡೆ ಕೆಳಕ್ಕೆ ಬಂದು ನಿಲ್ಲುತ್ತದೆ ಅಲ್ವಾ? ಅದೂ ಇದೇ ಕಾರಣಕ್ಕೆ.

ಇನ್ನೂ ಒಂದು ವಿಚಿತ್ರ. ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಕೊಳವೆಯಿಂದ ಕರುಳಿನ ಒಳಗೆ ನೋಡುವಾಗ ಪಾಲಿಪ್ (ಒಳಗೋಡೆಯ ಸಣ್ಣ ಗಡ್ಡೆ) ಸಿಕ್ಕರೆ ಅಲ್ಲೇ ಕತ್ತರಿಸುತ್ತಾರೆ. ಆ ಕತ್ತರಿ ನೋವು ಕೊಡುವುದಿಲ್ಲ. ಆದರೆ ಕರುಳಿಗೆ ಗಾಳಿ ತುಂಬಿ ಹಿಗ್ಗಿಸಿದರೆ ನೋವಾಗುತ್ತದೆ. ಕರುಳಿಗೆ ಗೊತ್ತಾಗುವುದು ಮುಖ್ಯವಾಗಿ ಎಳೆತ ಮತ್ತು ಊತ. ನಿಮಗೆ ಮಾಡಿದ ಟೆಸ್ಟ್‌ಗಳು ಗೋಡೆಯಲ್ಲಿ ಹುಣ್ಣು, ಗಡ್ಡೆ, ಊತ ಇದೆಯಾ ಅಂತ ನೋಡುತ್ತವೆ. ಎಷ್ಟು ಎಳೆದರೆ ನಿಮ್ಮ ನರ ಕೂಗಿಕೊಳ್ಳುತ್ತದೆ ಅಂತ ಅವು ಅಳೆಯುವುದೇ ಇಲ್ಲ.

ಅದನ್ನು ಅಳೆದವರೂ ಇದ್ದಾರೆ. 1973ರಲ್ಲಿ ರಿಚಿ ಎಂಬ ಸಂಶೋಧಕರು ದೊಡ್ಡ ಕರುಳಿನ ಕೆಳಭಾಗದಲ್ಲಿ ಸಣ್ಣ ಬಲೂನ್ ಇಟ್ಟು ಊದಿಸಿದರು. 60 ಮಿಲಿಲೀಟರ್ ತುಂಬಿದಾಗ ಐಬಿಎಸ್ ಇದ್ದವರಲ್ಲಿ ಶೇಕಡಾ 55 ಜನಕ್ಕೆ ನೋವಾಯಿತು. ಇಲ್ಲದವರಲ್ಲಿ ಶೇಕಡಾ 6 ಮಂದಿಗೆ ಮಾತ್ರ. ಹಾಗಾದರೆ ಐಬಿಎಸ್ ಇರುವವರಿಗೆ ನೋವು ತಡೆಯುವ ಶಕ್ತಿಯೇ ಕಡಿಮೆಯಾ? ಅಮೆರಿಕದಲ್ಲಿ ವೈಟ್‌ಹೆಡ್ ಮತ್ತು ಜೊತೆಗಾರರು ಅದನ್ನೂ ನೋಡಿದರು. 1990ರ ಆ ಪ್ರಯೋಗದಲ್ಲಿ ಬಲೂನಿನ ಜೊತೆಗೆ, ಮಂಜುಗಡ್ಡೆ ನೀರಿನಲ್ಲಿ ಕೈ ಇಟ್ಟುಕೊಳ್ಳುವ ಪರೀಕ್ಷೆಯೂ ಇತ್ತು. ಕೈಯ ನೋವನ್ನು ಐಬಿಎಸ್ ಇದ್ದವರೂ ಉಳಿದವರಷ್ಟೇ ತಡೆದುಕೊಂಡರು. ಕರುಳಿನ ಎಳೆತವನ್ನು ಮಾತ್ರ ತಡೆಯಲಾಗಲಿಲ್ಲ. ಇದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ನರ ಹೀಗೆ ಸೂಕ್ಷ್ಮವಾಗುವುದು ಯಾಕೆ? ಒಂದು ದಾರಿ ಸೋಂಕು. ಕೆನಡಾದ ವಾಕರ್ಟನ್ ಅನ್ನುವ ಸಣ್ಣ ಊರಿನಲ್ಲಿ 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆಯಾಗಿ ಸಗಣಿಯ ನೀರು ಕುಡಿಯುವ ನೀರಿನ ಬಾವಿಗೆ ಸೇರಿತು. ಏಳು ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ವೈದ್ಯರು ಊರಿನವರನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ವರದಿ ಮಾಡಿದರು. ಕಾಯಿಲೆ ಬೀಳದವರಲ್ಲಿ ಸುಮಾರು ಶೇಕಡಾ 10ರಷ್ಟು ಜನರಲ್ಲಿ ಐಬಿಎಸ್ ಲಕ್ಷಣ ಇತ್ತು. ಕಾಯಿಲೆ ಬಂದಿರಬೇಕು ಅಂತ ವೈದ್ಯಕೀಯವಾಗಿ ಕಂಡುಬಂದವರಲ್ಲಿ ಅದು ಸುಮಾರು ಶೇಕಡಾ 36. ರೋಗಾಣು ಎಂದೋ ಹೋಗಿತ್ತು. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಹಾಲಿನವನನ್ನು ಕಂಡರೂ ಬೊಗಳುತ್ತದಲ್ಲ, ಕರುಳಿನ ನರವೂ ಹಾಗೆ ಆಗಿಬಿಡುತ್ತದೆ.

ಆ ನಾಯಿಯನ್ನು ಕೆಣಕುವವರು ಯಾರು ಅನ್ನುವುದೂ ಸ್ವಲ್ಪ ಸ್ವಲ್ಪ ಗೊತ್ತಾಗಿದೆ. ಇಟಲಿಯ ಬೊಲೊನ್ಯಾದಲ್ಲಿ ಬಾರ್ಬರಾ ಮತ್ತು ತಂಡ 2004ರಲ್ಲಿ ಐಬಿಎಸ್ ರೋಗಿಗಳ ಕರುಳಿನ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅಲರ್ಜಿಯಲ್ಲಿ ಹಿಸ್ಟಮೈನ್ ಸುರಿಸುವ ಮಾಸ್ಟ್ ಕೋಶಗಳು ನರದ ಎಳೆಗಳಿಗೆ ಒತ್ತಿಕೊಂಡಂತೆ ಕೂತಿದ್ದವು. ಅವು ಹತ್ತಿರ ಇದ್ದಷ್ಟೂ ರೋಗಿಗೆ ನೋವು ಜಾಸ್ತಿ. ಬರಿಗಣ್ಣಿಗೆ ಆ ಗೋಡೆ ನಾರ್ಮಲ್ ಆಗಿಯೇ ಕಾಣುತ್ತದೆ.

ಇನ್ನೊಂದು ಪಾತ್ರ ಎಂಟೆರೊಕ್ರೊಮಾಫಿನ್ ಕೋಶಗಳದ್ದು. ಹೆಸರು ಉದ್ದ, ಕೆಲಸ ಸರಳ. ಕರುಳಿನ ಒಳಮೈಯಲ್ಲಿ ಅಲ್ಲೊಂದು ಇಲ್ಲೊಂದು ಕೂತು, ಒಳಗೆ ಹಾದು ಹೋಗುವುದನ್ನು ರುಚಿ ನೋಡಿ, ಬೇಡದ್ದು ಕಂಡರೆ ಸೆರೋಟೋನಿನ್ ಅನ್ನುವ ರಾಸಾಯನಿಕ ಬಿಟ್ಟು ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ನಮ್ಮ ಮೈಯ ಸೆರೋಟೋನಿನ್‌ನಲ್ಲಿ ಶೇಕಡಾ 90ಕ್ಕೂ ಹೆಚ್ಚು ಇರುವುದು ಕರುಳಿನಲ್ಲೇ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಅಡಿಲೇಡ್‌ನ ಸಂಶೋಧಕರು ಇಲಿಗಳಲ್ಲಿ ಈ ಕೋಶಗಳನ್ನಷ್ಟೇ ಬೇಕೆಂದಾಗ ಕೆರಳಿಸಿ ನೋಡಿದರು. ಆ ತಂಡದಲ್ಲಿ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಕೂಡ ಇದ್ದರು. ಇಲಿಗಳಿಗೆ ಕರುಳಿನ ನೋವು ಹೆಚ್ಚಿತು. ಅದರ ಜೊತೆಗೆ ಅವು ಅಂಜಿಕೊಂಡು ಮೂಲೆ ಹಿಡಿಯುವಂತೆ ಆದವು.

"ಟೆನ್ಷನ್ನಿಂದ ನೋವು" ಅನ್ನುವವರಿಗೆ ಇದನ್ನು ಹೇಳಿ. ಟೆನ್ಷನ್ ಆದಾಗ ನೋವು ಜೋರಾಗುವುದು ಸುಳ್ಳಲ್ಲ. ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ನರಗಳು ನೋವಿನ ಸುದ್ದಿಯನ್ನು ಏರಿಸಲೂ ಇಳಿಸಲೂ ಬಲ್ಲವು. ಆದರೆ ಕರುಳಿನಲ್ಲಿ ಶುರುವಾದದ್ದು ಮನಸ್ಸನ್ನು ಕೆಡಿಸುವುದೂ ಉಂಟು. ದಿನಾ ನೋವು ತಿನ್ನುವವರಿಗೆ ಕಳವಳ ಆಗದೆ ಇರುತ್ತದಾ?

ಔಷಧಿ ಬಗ್ಗೆ ಒಂದೇ ಮಾತು. ಡಾಕ್ಟರು ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರೆ, ಅದು ಡಿಪ್ರೆಷನ್ ಮಾತ್ರೆ ಅಂತ ಗೂಗಲ್‌ನಲ್ಲಿ ನೋಡಿ ಬೇಸರ ಮಾಡಿಕೊಳ್ಳಬೇಡಿ. ನಾನು ಹಾಗೆ ಮಾಡಿ ಒಂದು ವರ್ಷ ಕಳೆದುಕೊಂಡೆ. ಬ್ರಿಟನ್ನಿನಲ್ಲಿ 463 ಐಬಿಎಸ್ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 10ರಿಂದ 30 ಮಿಲಿಗ್ರಾಂ ಪ್ರಮಾಣ, ಸುಮ್ನೆ ಹಿಟ್ಟಿನ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು. ಡಿಪ್ರೆಷನ್‌ಗೆ ಕೊಡುವುದಕ್ಕಿಂತ ಇದು ಬಹಳ ಕಡಿಮೆ. ಇಲ್ಲಿ ಗುರಿ ನರದ ನೋವು. ಬಾಯಿ ಒಣಗುತ್ತದೆ, ನಿದ್ದೆ ಬರುತ್ತದೆ, ಕೆಲವರಿಗೆ ಆಗುವುದೂ ಇಲ್ಲ. ಅಂಗಡಿಯಿಂದ ನೀವೇ ತಂದು ತಿನ್ನುವ ಮಾತ್ರೆ ಅಲ್ಲ ಇದು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ನೋವಿಗೆ ರಾತ್ರಿ ನಿದ್ದೆಯಿಂದ ಎಚ್ಚರವಾಗುತ್ತಿದ್ದರೆ, ಹಳೆಯ ರಿಪೋರ್ಟ್ ನಂಬಿ ಕೂರದೆ ಮತ್ತೆ ತೋರಿಸಿ.

ಒಂದು ವಿಷಯ ನೀವು ಬರೆದಿಲ್ಲ. ಈ ನೋವು ಶುರುವಾಗುವ ಮೊದಲು ನಿಮಗೆ ಜೋರು ವಾಂತಿ ಭೇದಿ, ಫುಡ್ ಪಾಯ್ಸನ್ ಏನಾದರೂ ಆಗಿತ್ತಾ? ಎಷ್ಟೋ ಜನ ಅದನ್ನು ಮರೆತೇ ಬಿಟ್ಟಿರುತ್ತಾರೆ, ಡಾಕ್ಟರೂ ಕೇಳಿರುವುದಿಲ್ಲ. ನೆನಪು ಮಾಡಿಕೊಂಡು ಮುಂದಿನ ಸಲ ಹೋದಾಗ ಅದನ್ನೇ ಮೊದಲು ಹೇಳಿ.